ಪೆರ್ಲದ ಮೊಮ್ಮಗಳು ಪೆರ್ಲ್‌ನಲ್ಲಿ ಇಳಿದದ್ದು

ಕಳೆದ ತಿಂಗಳು ಕಾಸರಗೋಡಿನ ಗಡಿಭಾಗದ ನಮ್ಮ ಕುಂಬಳೆಯಲ್ಲಿ ಒಂದು ಮದುವೆಗೆ ಅಮ್ಮ ಹೋಗಿದ್ದಳು. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರು, ಪಾಯಸ ಬರುವ ಮೊದಲೇ ಕೇಳಿದರಂತೆ: "ನಿಮ್ಮ ಮಗಳು ಜರ್ಮನಿಗೆ ಓದಲಿಕ್ಕೆ ಹೋದದ್ದಾ, ತಿರುಗಲಿಕ್ಕೆ ಹೋದದ್ದಾ?"

ತಪ್ಪು ನನ್ನದೇ. ವಾಟ್ಸಾಪ್ ಸ್ಟೇಟಸ್‌ನಲ್ಲಿ ಒಂದು ಭಾನುವಾರ ಲಕ್ಸೆಂಬರ್ಗ್, ಇನ್ನೊಂದು ಭಾನುವಾರ ಸ್ಟ್ರಾಸ್‌ಬರ್ಗ್, ಅದರಾಚೆಗೆ ಬಾಸೆಲ್. ನೋಡಿದವರಿಗೆ ಏನನಿಸಬೇಕು ಹೇಳಿ. ಸೋಮವಾರದಿಂದ ಶುಕ್ರವಾರದವರೆಗೆ ಲೈಬ್ರರಿಯಲ್ಲಿ ಕೂತದ್ದನ್ನು ಯಾರೂ ಸ್ಟೇಟಸ್ ಹಾಕುವುದಿಲ್ಲ, ಶನಿವಾರ ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆ ಎತ್ತಿದ್ದನ್ನು ಅಂತೂ ಇಲ್ಲವೇ ಇಲ್ಲ. ಅಮ್ಮ ಎಂತ ಉತ್ತರ ಕೊಟ್ಟಳೋ ಗೊತ್ತಿಲ್ಲ. ನನಗೆ ಫೋನ್ ಮಾಡಿ, "ಹೌದಾ ಮಗಾ, ಅಷ್ಟೆಲ್ಲ ತಿರುಗಲಿಕ್ಕೆ ದುಡ್ಡು ಎಲ್ಲಿಂದ?" ಎಂದು ಅವಳೂ ಕೇಳಿದಳು. ಅವಳ ಬಳೆ ಇನ್ನೂ ಬ್ಯಾಂಕಿನಲ್ಲೇ ಇದೆ. ಹಾಗಾಗಿ ಲೆಕ್ಕ ಕೊಡುವುದು ನನ್ನ ಕರ್ತವ್ಯ.

ಇಲ್ಲಿಗೆ ಓದಲಿಕ್ಕೆ ಬರುವವರು ಒಂದು ವರ್ಷದ ಖರ್ಚನ್ನು ಮೊದಲೇ ಖಾತೆಯಲ್ಲಿ ಕಟ್ಟಿಟ್ಟು ತೋರಿಸಬೇಕು. ನಾನು ಬರುವಾಗ ಅದು 11,904 ಯೂರೋ ಇತ್ತು. ಅದರಿಂದ ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬರುತ್ತದೆ. ಬಾಡಿಗೆ, ಇನ್ಶೂರೆನ್ಸ್, ಅಕ್ಕಿ, ಬೇಳೆ ಆದ ಮೇಲೆ ಉಳಿಯುವುದು ಅಷ್ಟಕ್ಕಷ್ಟೆ. ಆದರೆ ಸೆಮಿಸ್ಟರ್ ಫೀಸಿನ ಜೊತೆಗೇ ಒಂದು ಟಿಕೆಟ್ ಬರುತ್ತದೆ. ಡಾಯ್ಚ್‌ಲಾಂಡ್ ಟಿಕೆಟ್ ಅಂತ. 2023ರ ಮೇ ತಿಂಗಳಲ್ಲಿ ಶುರುವಾದಾಗ ತಿಂಗಳಿಗೆ 49 ಯೂರೋ ಇತ್ತು, 2025ರಲ್ಲಿ 58 ಆಯಿತು. ವಿದ್ಯಾರ್ಥಿಗಳಿಗೆ ಅದರ ಶೇ. 60 ಮಾತ್ರ. 58 ಇದ್ದಾಗ ಆರು ತಿಂಗಳಿಗೆ 208.80 ಯೂರೋ ಆಗುತ್ತಿತ್ತು. ಅದೊಂದು ಫೋನಿನಲ್ಲಿದ್ದರೆ ಇಡೀ ಜರ್ಮನಿಯ ಸಿಟಿ ಬಸ್ಸು, ಟ್ರಾಮ್, ನಿಧಾನದ ರೈಲು ಯಾವುದಕ್ಕೆ ಬೇಕಾದರೂ ಹತ್ತಬಹುದು. ಐಸಿಇ ಥರದ ವೇಗದ ರೈಲಿಗೆ ಮಾತ್ರ ಇಲ್ಲ. ಆ ಬಿಳಿ ರೈಲು ಪಕ್ಕದ ಹಳಿಯಲ್ಲಿ ಸುಂಯ್ ಅಂತ ಹೋಗುವಾಗ ನಾವು ಯಾವುದೋ ಹಳ್ಳಿಯ ಸ್ಟೇಷನ್ನಿನಲ್ಲಿ ಅದಕ್ಕೆ ದಾರಿ ಬಿಟ್ಟು ನಿಂತಿರುತ್ತೇವೆ.

ಕುಂಬಳೆಯವರಿಗೆ ಅದೇನು ಹೊಸತಲ್ಲ. ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿದ ನಾಲ್ಕು ವರ್ಷ, ನಡುವೆ ಕೋವಿಡ್ ತಿಂದದ್ದು ಬಿಟ್ಟು, ನಾನು ಸೀಸನ್ ಟಿಕೆಟ್‌ನವಳು. ಬೆಳಗ್ಗಿನ ಪ್ಯಾಸೆಂಜರ್, ಲೇಡೀಸ್ ಬೋಗಿ, ಶಿರಿಯ ಹೊಳೆ ದಾಟುವಾಗ ಒಂದು ತುಂಡು ಗಾಳಿ, ಉಪ್ಪಳದಲ್ಲಿ ಹತ್ತುವ ಗೆಳತಿಗೆ ಬ್ಯಾಗ್ ಇಟ್ಟು ಹಿಡಿದ ಸೀಟು. ಎಕ್ಸ್‌ಪ್ರೆಸ್‌ಗೆ ಕ್ರಾಸಿಂಗ್ ಅಂತ ಮಂಜೇಶ್ವರದಲ್ಲೋ ಉಳ್ಳಾಲದಲ್ಲೋ ನಿಂತರೆ ಮೊದಲ ಪೀರಿಯಡ್ ಹೋದಂತೆಯೇ. ಆ ನಾಲ್ಕು ವರ್ಷದಲ್ಲಿ ಕಲಿತದ್ದರಲ್ಲಿ ಇಲ್ಲಿ ದಿನಾ ಉಪಯೋಗಕ್ಕೆ ಬರುವುದು ಎರಡೇ: ರೈಲಿನಲ್ಲಿ ನಿಂತುಕೊಂಡೇ ಓದುವುದು, ರೈಲು ತಡವಾದರೆ ತಲೆಬಿಸಿ ಮಾಡಿಕೊಳ್ಳದೆ ಇರುವುದು. ಜರ್ಮನಿಯ ರೈಲು ಗಡಿಯಾರದ ಹಾಗೆ ಓಡುತ್ತದೆ ಅಂತ ನಂಬಿ ಬಂದ ಬೆಂಗಳೂರಿನ ಕ್ಲಾಸ್‌ಮೇಟ್‌ಗಳಿಗೆ ಮೊದಲ ತಿಂಗಳೇ ಎದೆ ಒಡೆಯಿತು. ನನಗೆ ಏನೂ ಆಗಲಿಲ್ಲ.

ನಾನಿರುವುದು ಸಾರ್‌ಬ್ರೂಕನ್‌ನಲ್ಲಿ. ಜರ್ಮನಿಯ ನೈಋತ್ಯ ಮೂಲೆ, ಊರಿನ ಟ್ರಾಮೇ ಫ್ರಾನ್ಸಿನ ಸಾರ್ಗೆಮಿನ್‌ವರೆಗೆ ಹೋಗುತ್ತದೆ. ಯುನಿವರ್ಸಿಟಿ ಆರಿಸುವಾಗ ನಕ್ಷೆ ನೋಡಿಯೇ ಇರಲಿಲ್ಲ. ಬಂದು ಎರಡು ವಾರದ ಮೇಲೆ ನೋಡಿದರೆ, ಇಲ್ಲಿಯೂ ಗಡಿಯ ಅಂಚಿಗೇ ಬಂದು ಬಿದ್ದಿದ್ದೆ. ಹಣೆಬರಹ, ಇನ್ನೇನು.

ಪ್ರವಾಸದ ಸೂತ್ರ ಸುಲಭ. ಟಿಕೆಟ್ ಎಲ್ಲಿಯವರೆಗೆ ನಡೆಯುತ್ತದೋ ಅಲ್ಲಿಯವರೆಗೆ ರೈಲು. ಆಮೇಲೆ ಕಾಲು. ಸ್ಟ್ರಾಸ್‌ಬರ್ಗ್‌ಗೆ ಸಾರ್‌ಬ್ರೂಕನ್‌ನಿಂದ ಫ್ರಾನ್ಸಿನ ರೈಲು ಹತ್ತಿದರೆ ಎರಡು ಗಂಟೆಯೊಳಗೆ ಮುಟ್ಟಬಹುದು, ಆದರೆ ಅದಕ್ಕೆ ದುಡ್ಡು ಕೊಡಬೇಕು. ನಾವು ಕಾರ್ಲ್ಸ್‌ರೂಹೆ, ಆಫನ್‌ಬರ್ಗ್ ಅಂತ ಸುತ್ತು ಹೊಡೆದು ಕೇಲ್ ಎಂಬಲ್ಲಿ ಇಳಿದು, ರೈನ್ ನದಿಯ ಸೇತುವೆಯನ್ನು ನಡೆದೇ ದಾಟಿ ಫ್ರಾನ್ಸಿಗೆ ಹೋದೆವು. ಆ ಸೇತುವೆಯ ಮೇಲೆ ಟ್ರಾಮೂ ಹೋಗುತ್ತದೆ, 2017ರಿಂದ. ಎರಡು ಯೂರೋ ಉಳಿಸಲಿಕ್ಕೆ ಅದಕ್ಕೂ ಹತ್ತಲಿಲ್ಲ. ಸ್ಟ್ರಾಸ್‌ಬರ್ಗ್‌ನ ಕೆಥೆಡ್ರಲ್ 142 ಮೀಟರ್ ಎತ್ತರ, ಇನ್ನೂರು ವರ್ಷಕ್ಕೂ ಜಾಸ್ತಿ ಅದೇ ಜಗತ್ತಿನ ಅತಿ ಎತ್ತರದ ಕಟ್ಟಡವಾಗಿತ್ತು. ಎರಡು ಗೋಪುರ ಇರಬೇಕಾದಲ್ಲಿ ಒಂದೇ ಇದೆ. ಅರ್ಧಕ್ಕೆ ನಿಂತ ಕೆಲಸ ನೋಡಿದಾಗ ಯಾಕೋ ಊರಿನ ನೆನಪಾಯಿತು, ಅಷ್ಟೇ ಹೇಳುತ್ತೇನೆ.

ಊಟ ಮನೆಯಿಂದಲೇ. ಚಿತ್ರಾನ್ನ, ಇಲ್ಲದಿದ್ದರೆ ಅವಲಕ್ಕಿ, ಅಮ್ಮ ಕಳಿಸಿದ ಹಲಸಿನ ಸೋಂಟೆ. ಚಳಿಗಾಲದಲ್ಲಿ ಒಂದು ಸಮಸ್ಯೆ. ನಾನು ತೆಂಗಿನೆಣ್ಣೆಯಲ್ಲೇ ಒಗ್ಗರಣೆ ಹಾಕುವವಳು. ಮೂರು ಡಿಗ್ರಿಯಲ್ಲಿ ಪ್ಲಾಟ್‌ಫಾರ್ಮಿನಲ್ಲಿ ಅರ್ಧ ಗಂಟೆ ನಿಂತರೆ ಡಬ್ಬಿಯೊಳಗೆ ಎಣ್ಣೆ ಗಟ್ಟಿಯಾಗಿ, ಪ್ರತಿ ಅಗುಳಿಗೂ ಬಿಳಿ ಮೇಣ ಸವರಿದ ಹಾಗೆ ಆಗುತ್ತದೆ. ಸಾಸಿವೆ ಕಾಳು ಅದರಲ್ಲಿ ಕಲ್ಲಿನ ಹಾಗೆ ಕೂತಿರುತ್ತದೆ. ಉಪಾಯ ಹೇಳಿಕೊಟ್ಟವನು ಚೆರುವತ್ತೂರಿನ ಗೆಳೆಯ: ಕಿಟಕಿಯ ಕೆಳಗೆ, ಕಾಲಿನ ಹತ್ತಿರ, ಬಿಸಿ ಗಾಳಿ ಬರುವ ಜಾಲರಿ ಉಂಟಲ್ಲ, ಅದರ ಮೇಲೆ ಡಬ್ಬಿ ಇಟ್ಟುಬಿಡುವುದು. ಎರಡು ಸ್ಟೇಷನ್ ದಾಟುವಷ್ಟರಲ್ಲಿ ಎಣ್ಣೆ ಕರಗಿ, ಕರಿಬೇವಿನ ಪರಿಮಳ ಇಡೀ ಬೋಗಿಗೆ. ಎದುರು ಕೂತವರು ಮೊದಲು ಮೇಲೆ ನೋಡುತ್ತಾರೆ, ಆಮೇಲೆ ಕೆಳಗೆ ನೋಡುತ್ತಾರೆ. ಒಮ್ಮೆ ಒಬ್ಬರು ಅದೇನೆಂದು ಕೇಳಿ ಒಂದು ಚಮಚ ತಿಂದೂ ನೋಡಿದರು. ಖಾರಕ್ಕೆ ಮುಖ ಕೆಂಪಾದರೂ "ಗೂಟ್, ಗೂಟ್" ಅಂದರು.

ಇನ್ನೆರಡು ಉಳಿತಾಯದ ಮಾತು. ದೊಡ್ಡ ಸ್ಟೇಷನ್‌ಗಳಲ್ಲಿ ಟಾಯ್ಲೆಟ್‌ಗೆ ಒಂದು ಯೂರೋ ಕೇಳುತ್ತಾರೆ, ಹಾಗಾಗಿ ಇಳಿಯುವ ಮೊದಲು ರೈಲಿನಲ್ಲೇ ಮುಗಿಸಬೇಕು. ಪ್ಲಾಸ್ಟಿಕ್ ಬಾಟ್ಲಿಗೆ 25 ಸೆಂಟ್ ಡೆಪಾಸಿಟ್, ಅಂಗಡಿಯ ಯಂತ್ರಕ್ಕೆ ಹಾಕಿದರೆ ವಾಪಸು. ನಾಲ್ಕು ಬಾಟ್ಲಿ ಅಂದರೆ ಒಂದು ಸಲದ ಟಾಯ್ಲೆಟ್. ಹೀಗೆ ಲೆಕ್ಕ ಹಾಕುವ ಮಟ್ಟಕ್ಕೆ ನಾವು ಇಳಿದಿದ್ದೇವೆ.

ಆ ಚೆರುವತ್ತೂರಿನವನ ವಿಷಯ ಹೇಳಲೇಬೇಕು. ನಮ್ಮದೇ ಜಿಲ್ಲೆ, ಆದರೆ ಚಂದ್ರಗಿರಿ ಹೊಳೆಯ ಆಚೆಯವನು, ಮಲಯಾಳಿ. ಮೊದಲ ದಿನ "ಕೇರಳತ್ತಿಲ್ ಎವಿಡೆಯಾ?" ಅಂದ. ಕಾಸರಗೋಡು ಅಂದೆ. ಅವನಿಗೆ ಖುಷಿಯೋ ಖುಷಿ, ನಾಟ್ಟುಕಾರಿ ಸಿಕ್ಕಿದಳು ಅಂತ. ಅದೇ ವಾರ ಇಲ್ಲಿನ ಕನ್ನಡದವರ ಯುಗಾದಿ ಊಟಕ್ಕೆ ಹೋದರೆ ಅಲ್ಲೊಬ್ಬರು, "ಕಾಸರಗೋಡಾ? ಹಾಗಾದ್ರೆ ನೀವು ಮಲಯಾಳಿ ಅಲ್ವಾ? ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಾ!" ಅಂದರು. ಹೊಗಳಿಕೆ ಅಂತ ತಿಳಿದುಕೊಂಡೇ ಹೇಳಿದ್ದು, ಪಾಪ. ಕಾಸರಗೋಡಿನ ಕನ್ನಡದವರು ಇದನ್ನು ಬೆಂಗಳೂರಿನಲ್ಲಿ ಕೇಳಿರುತ್ತಾರೆ, ಮೈಸೂರಿನಲ್ಲಿ ಕೇಳಿರುತ್ತಾರೆ. ನಾನು ಜರ್ಮನಿಯಲ್ಲೂ ಕೇಳಿದೆ. ನಕ್ಕು ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡೆ.

ಅವನೂ ನಾನೂ ಹೋದ ಮೊದಲ ಪ್ರವಾಸ ಟ್ರಿಯರ್‌ಗೆ. ನನಗೆ ನೋಡಬೇಕಿದ್ದದ್ದು ರೋಮನ್ನರು ಕಟ್ಟಿದ ಕಪ್ಪು ಕಲ್ಲಿನ ಹೆಬ್ಬಾಗಿಲು. ಅವನಿಗೆ ಬೇರೆಯದೇ. ಕಮ್ಯುನಿಸ್ಟ್ ರೈತ ಹೋರಾಟದ ಕಯ್ಯೂರಿನ ಪಕ್ಕದ ಊರಿನವನು, ಟ್ರಿಯರ್ ಸ್ಟೇಷನ್ನಿನಲ್ಲಿ ಇಳಿದವನೇ ಕಾರ್ಲ್ ಮಾರ್ಕ್ಸ್ ಹುಟ್ಟಿದ ಮನೆ ಎಲ್ಲಿ ಅಂತ ಹುಡುಕಿಕೊಂಡು ನಡೆದ. 1818ರಲ್ಲಿ ಮಾರ್ಕ್ಸ್ ಹುಟ್ಟಿದ್ದು ಅಲ್ಲೇ. ಇನ್ನೂರನೇ ವರ್ಷಕ್ಕೆ ಚೀನಾದವರು ಕೊಟ್ಟ ದೊಡ್ಡ ಕಂಚಿನ ಪ್ರತಿಮೆಯೂ ಊರಿನಲ್ಲಿದೆ. ಅದರ ಕೆಳಗೆ ನಿಂತು ಮುಷ್ಟಿ ಎತ್ತಿ ಫೋಟೋ ತೆಗೆಸಿಕೊಂಡು ಮನೆಗೆ ಕಳಿಸಿದ. ಎರಡೇ ನಿಮಿಷದಲ್ಲಿ ಅವನ ಅಪ್ಪನಿಂದ ಕೆಂಪು ಹೃದಯ ಏಳು ಬಂತು. ಸೆಮಿಸ್ಟರ್ ಮಾರ್ಕ್ಸ್ ಕಳಿಸಿದಾಗ ಒಂದೂ ಬಂದಿರಲಿಲ್ಲವಂತೆ.

ಟ್ರಿಯರ್‌ನಿಂದ ಲಕ್ಸೆಂಬರ್ಗ್‌ಗೆ ಒಂದು ಗಂಟೆಯೂ ಇಲ್ಲ. ಗಡಿಯವರೆಗೆ ನಮ್ಮ ಟಿಕೆಟ್. ಗಡಿ ದಾಟಿದ ಮೇಲೆ ಟಿಕೆಟ್ಟೇ ಬೇಡ. 2020ರ ಫೆಬ್ರವರಿ 29ರಿಂದ ಇಡೀ ದೇಶದಲ್ಲಿ ಬಸ್ಸು, ರೈಲು, ಟ್ರಾಮ್ ಎಲ್ಲ ಪುಕ್ಕಟೆ, ಫಸ್ಟ್ ಕ್ಲಾಸ್ ಒಂದು ಬಿಟ್ಟು. ನಂಬಲಿಕ್ಕಾಗದೆ ಇಡೀ ದಿನ ಸುಮ್ನೆ ಬಸ್ಸು ಹತ್ತಿ ಇಳಿದೆವು. ದೇಶ ಅಂದರೆ ಎಷ್ಟು ದೊಡ್ಡದು? 2,586 ಚದರ ಕಿಲೋಮೀಟರ್. ನಮ್ಮ ಜಿಲ್ಲೆ 1,992. ಹೆಚ್ಚೆಂದರೆ ಕಾಸರಗೋಡಿಗೆ ಒಂದು ಸುಳ್ಯವನ್ನು ಅಂಟಿಸಿದ ಹಾಗೆ. ಜನ ನಮ್ಮ ಜಿಲ್ಲೆಯ ಅರ್ಧ. ಅಷ್ಟಕ್ಕೆ ರಾಜನಂಥ ಒಬ್ಬ ಗ್ರ್ಯಾಂಡ್ ಡ್ಯೂಕ್, ಒಂದು ಸೈನ್ಯ, ಮೂರು ಅಧಿಕೃತ ಭಾಷೆ. ಸಪ್ತಭಾಷೆಯ ನಾಡಿನಿಂದ ಬಂದ ನಮಗೆ ಮೂರು ಭಾಷೆ ಏನೂ ಅನಿಸಲಿಲ್ಲ. ಆದರೆ ಮೂರರಲ್ಲೂ ಅರ್ಜಿ ತೆಗೆದುಕೊಳ್ಳುತ್ತಾರೆ ಅನ್ನುವುದು ಅನಿಸಿತು.

ಬರುವಾಗ ಆದದ್ದು ಬೇರೆ ಕಥೆ. ಶೆಂಗೆನ್ ಒಪ್ಪಂದದ ದೇಶಗಳ ನಡುವೆ ಗಡಿ ತಪಾಸಣೆ ಇಲ್ಲ ಅಂತ ಎಲ್ಲರೂ ಹೇಳಿರುತ್ತಾರೆ. ಆದರೆ 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರು ಮಾಡಿತು. ಇದು ಫೆಬ್ರವರಿಯಲ್ಲಿ, ಹೊರಗೆ ಕತ್ತಲೆ, ನಾವು ಅರ್ಧ ನಿದ್ದೆಯಲ್ಲಿ. ವಾಸರ್‌ಬಿಲ್ಲಿಗ್ ದಾಟಿದ ಮೇಲೆ ಇಬ್ಬರು ಪೊಲೀಸರು ಬೋಗಿಯೊಳಗೆ ಬಂದರು. ನಮ್ಮ ಎದುರಿಗೆ ಕೂತು ಉಣ್ಣೆ ಹೆಣೆಯುತ್ತಿದ್ದ ಅಜ್ಜಿಯನ್ನು ಏನೂ ಕೇಳಲಿಲ್ಲ. ಸೀದಾ ನಮ್ಮ ಹತ್ತಿರ ಬಂದು "ಪಾಸ್‌ಪೋರ್ಟ್, ಬಿಟ್ಟೆ" ಅಂದರು. ಇವನು ತೆಗೆದು ಕೊಟ್ಟ. ನಾನು ಬ್ಯಾಗಿನ ಮೂರು ಜಿಪ್ಪನ್ನೂ ತೆರೆದೆ. ಸೋಂಟೆಯ ಪೊಟ್ಟಣ, ಎರಡು ಖಾಲಿ ಬಾಟ್ಲಿ, ಒಂದು ಕೈಗವಸು. ನನ್ನ ರೆಸಿಡೆನ್ಸ್ ಕಾರ್ಡೂ ಪಾಸ್‌ಪೋರ್ಟೂ ಸಾರ್‌ಬ್ರೂಕನ್‌ನಲ್ಲಿ ಮೇಜಿನ ಮೇಲೆ, ಹಿಂದಿನ ದಿನ ಝೆರಾಕ್ಸ್ ಮಾಡಲಿಕ್ಕೆ ಹೊರಗೆ ತೆಗೆದಿಟ್ಟಲ್ಲೇ.

ಫೋನಿನಲ್ಲಿದ್ದ ಫೋಟೋ ತೋರಿಸಿದೆ. ಒಬ್ಬರು ತಲೆ ಅಲ್ಲಾಡಿಸಿದರು. ಫೋಟೋ ಕಾರ್ಡ್ ಅಲ್ಲ. ಟ್ರಿಯರ್‌ನಲ್ಲಿ ಇಳಿಸಿದರು. ಪ್ಲಾಟ್‌ಫಾರ್ಮಿನ ಲೈಟಿನ ಕೆಳಗೆ ನಿಂತು ಅವರ ಸಣ್ಣ ಯಂತ್ರದಲ್ಲಿ ನನ್ನ ಹೆಸರು, ಹುಟ್ಟಿದ ದಿನ ಹಾಕಿದರು. ಹೆಸರಿನ ಕಾಗುಣಿತ ಮೂರು ಸಲ ಹೇಳಬೇಕಾಯಿತು. ಹುಟ್ಟಿದ ಊರು ಕೇಳಿದರು. "ಕುಂಬಳೆ" ಅಂದೆ. ಅವರು ಅದನ್ನು ಹೇಗೆ ಟೈಪ್ ಮಾಡಿದರೋ ದೇವರೇ ಬಲ್ಲ. ಗದರಿಸಲಿಲ್ಲ, ನಿಜ ಹೇಳಬೇಕು. ಆದರೆ ಆ ಹದಿನೈದು ನಿಮಿಷ ನನ್ನ ಕಾಲು ನನ್ನದಾಗಿರಲಿಲ್ಲ. ಕೊನೆಗೆ ಯಂತ್ರದಲ್ಲಿ ನನ್ನ ಮುಖ ಬಂತು, ಮೂಲ ಕಾರ್ಡನ್ನು ಯಾವಾಗಲೂ ಇಟ್ಟುಕೊಳ್ಳಬೇಕು ಅಂತ ಬುದ್ಧಿ ಹೇಳಿ ಬಿಟ್ಟರು. ಅಷ್ಟರಲ್ಲಿ ನಮ್ಮ ರೈಲು ಹೋಗಿತ್ತು. ಮುಂದಿನ ರೈಲಿನ ಎದುರು ಬೋರ್ಡಿನಲ್ಲಿ "ಫೆಲ್ಟ್ ಔಸ್" ಅಂತ ಬಿತ್ತು, ಅಂದರೆ ರದ್ದು. ಅದರ ಬದಲಿಗೆ ಬಸ್ಸು. ಬದಲಿ ಬಸ್ಸಿಗೆ ಜರ್ಮನ್‌ನಲ್ಲಿ ಶೀನೆನ್‌ಎರ್ಸಾಟ್ಸ್‌ಫೆರ್ಕೇರ್ ಅನ್ನುತ್ತಾರೆ. ಆ ಶಬ್ದ ಓದಿ ಮುಗಿಸುವಷ್ಟರಲ್ಲಿ ಬಸ್ಸೂ ಹೊರಟಿರುತ್ತದೆ. ಮನೆ ಮುಟ್ಟುವಾಗ ರಾತ್ರಿ ಒಂದೂವರೆ. ಇವನು ದಾರಿಯುದ್ದಕ್ಕೂ ಒಂದು ಮಾತೂ ಆಡದೆ ಸೋಂಟೆ ತಿಂದ. ಅದೇ ದೊಡ್ಡ ಉಪಕಾರ.

ಅಪ್ಪನಿಗೆ ಈ ವಿಷಯ ಇನ್ನೂ ಹೇಳಿಲ್ಲ. ಇದನ್ನು ಓದಿ ಗೊತ್ತಾದರೆ, ಅಪ್ಪಾ, ಈಗ ಕಾರ್ಡು ಕುತ್ತಿಗೆಗೇ ಕಟ್ಟಿಕೊಂಡಿದ್ದೇನೆ.

ಬಾಸೆಲ್‌ನ ಕಥೆ ಸಣ್ಣದು. ಅಲ್ಲಿ ಸ್ವಿಸ್ ನೆಲದ ಮೇಲೆ ಜರ್ಮನಿಯವರದ್ದೇ ಒಂದು ಸ್ಟೇಷನ್ ಉಂಟು, ಅಲ್ಲಿಯವರೆಗೆ ನಮ್ಮ ಟಿಕೆಟ್ ನಡೆಯುತ್ತದೆ. ಇಳಿದು ಮ್ಯಾಪ್ ತೆರೆದು ಊರೆಲ್ಲ ಸುತ್ತಿದೆ. ಯುರೋಪಿಯನ್ ಯೂನಿಯನ್ ಒಳಗೆ 2017ರಿಂದ ರೋಮಿಂಗ್‌ಗೆ ಬೇರೆ ದುಡ್ಡಿಲ್ಲ. ಸ್ವಿಟ್ಜರ್‌ಲ್ಯಾಂಡ್ ಆ ಯೂನಿಯನ್ನಿನಲ್ಲೇ ಇಲ್ಲ. ಗೊತ್ತಿದ್ದ ವಿಷಯವೇ, ಆ ಹೊತ್ತಿಗೆ ತಲೆಗೆ ಹೊಳೆಯಬೇಕಲ್ಲ. ಮೂವತ್ತು ಯೂರೋ ಹೋಯಿತು. ಸಣ್ಣವಳಿದ್ದಾಗ ಮಂಜೇಶ್ವರ ದಾಟಿದ ಕೂಡಲೇ ಅಪ್ಪ ಫೋನ್ ಆಫ್ ಮಾಡಿ ಕಿಸೆಗೆ ಹಾಕುತ್ತಿದ್ದರು, ಕರ್ನಾಟಕದ ರೋಮಿಂಗ್ ಹಿಡಿಯುತ್ತದೆ ಅಂತ. ಅವರನ್ನು ನೋಡಿ ನಗುತ್ತಿದ್ದೆ.

ಸಾರ್‌ಲ್ಯಾಂಡಿನ ಕಥೆ ನನಗೆ ಹೇಳಿದ್ದು ಪುಸ್ತಕ ಅಲ್ಲ, ಸಾರ್ಗೆಮಿನ್‌ಗೆ ಹೋಗುವ ಟ್ರಾಮಿನಲ್ಲಿ ಪಕ್ಕ ಕೂತ ಒಬ್ಬರು ಹೆಂಗಸು. ಎಂಬತ್ತರ ಹತ್ತಿರದ ವಯಸ್ಸು, ಚಕ್ರದ ಚೀಲ, ಬ್ರೆಡ್ಡಿಗಾಗಿ ಪ್ರತಿ ಶನಿವಾರ ಫ್ರಾನ್ಸಿಗೆ ಹೋಗುವವರು. ಆ ವಾರ ಗೋದಾಮಿಗೆ ರಜೆ, ಹಾಗಾಗಿ ನಾನೂ ಹೊರಟಿದ್ದೆ. ನನ್ನ ಜರ್ಮನ್ ಹೆಚ್ಚಾಗಿ ರೈಲ್ವೆ ಅನೌನ್ಸ್‌ಮೆಂಟಿನಿಂದ ಕಲಿತದ್ದು. ಆದರೂ ಅವರು ನಿಧಾನಕ್ಕೆ ಮಾತಾಡಿದ್ದರಿಂದ ಮುಕ್ಕಾಲು ಅರ್ಥವಾಯಿತು. ಉಳಿದದ್ದನ್ನು ಆಮೇಲೆ ಓದಿ ತುಂಬಿಸಿಕೊಂಡೆ.

ಮೊದಲ ಮಹಾಯುದ್ಧದ ಮೇಲೆ ಈ ಸಾರ್ ಪ್ರದೇಶವನ್ನು ಜರ್ಮನಿಯಿಂದ ಬಿಡಿಸಿ ಹದಿನೈದು ವರ್ಷ ರಾಷ್ಟ್ರಸಂಘದ ಕೈಯಲ್ಲಿಟ್ಟರು. 1935ರಲ್ಲಿ ಜನರ ಓಟು ಹಾಕಿಸಿ ಜರ್ಮನಿಗೆ ಕೊಟ್ಟರು. ಎರಡನೇ ಯುದ್ಧದ ಮೇಲೆ ಮತ್ತೆ ಬೇರೆ ಮಾಡಿ ಫ್ರಾನ್ಸಿನ ನೆರಳಿನಲ್ಲಿಟ್ಟರು. ಆಗ ಫ್ರೆಂಚ್ ದುಡ್ಡು, ಶಾಲೆಯಲ್ಲಿ ಫ್ರೆಂಚ್ ಪಾಠ. 1952ರ ಒಲಿಂಪಿಕ್ಸ್‌ಗೆ ಸಾರ್‌ನದ್ದೇ ಬೇರೆ ತಂಡ. ಫುಟ್‌ಬಾಲ್ ವಿಶ್ವಕಪ್‌ನ ಅರ್ಹತಾ ಪಂದ್ಯದಲ್ಲಿ ಪಶ್ಚಿಮ ಜರ್ಮನಿಯ ವಿರುದ್ಧವೇ ಆಡಿದರಂತೆ. 1955ರ ಅಕ್ಟೋಬರ್ 23ರಂದು ಇನ್ನೊಮ್ಮೆ ಓಟು: ಯಾರಿಗೂ ಸೇರದೆ ಯುರೋಪಿನ ಹೆಸರಿನಲ್ಲಿ ಬೇರೆಯೇ ಇರಬೇಕಾ, ಬೇಡವಾ? ಮೂರರಲ್ಲಿ ಎರಡು ಪಾಲು ಜನ ಬೇಡ ಅಂದರು. ಆ ಹೆಂಗಸು ಆಗ ಒಂಬತ್ತು ವರ್ಷದವರು. ಮನೆಯಲ್ಲಿ ಅಪ್ಪ "ನೈನ್" (ಬೇಡ), ಚಿಕ್ಕಪ್ಪ "ಯಾ" (ಹೌದು). ಕ್ರಿಸ್‌ಮಸ್‌ಗೆ ಚಿಕ್ಕಪ್ಪ ಬರಲಿಲ್ಲ. ಮರುವರ್ಷವೂ ಬರಲಿಲ್ಲ. "ಅವರು ತರುತ್ತಿದ್ದ ಚಾಕೊಲೇಟ್ ಹೋಯಿತು, ನನಗೆ ರಾಜಕೀಯ ಅಂದರೆ ಅಷ್ಟೇ" ಅಂದರು. ಸಾರ್ ಜರ್ಮನಿಗೆ ಸೇರಿದ್ದು 1957ರ ಜನವರಿ 1ಕ್ಕೆ.

ನನಗೆ ಬೆನ್ನಿನಲ್ಲಿ ಏನೋ ಹರಿದ ಹಾಗಾಯಿತು. ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ನಮ್ಮ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ನಡುವೆ ಬರೀ ಎರಡು ತಿಂಗಳು. ಹೇಳಿದೆ. ಅವರು ಕಣ್ಣರಳಿಸಿ, "ಹೌದಾ? ನಿಮ್ಮಲ್ಲಿ ಓಟು ಯಾವ ಕಡೆಗೆ ಬಿತ್ತು?" ಅಂದರು.

ಓಟು ಇರಲಿಲ್ಲ ಅಂದೆ.

"ಮತ್ತೆ ಹೇಗೆ ತೀರ್ಮಾನ ಮಾಡಿದರು?"

ರಾಜ್ಯ ಪುನರ್ವಿಂಗಡಣಾ ಆಯೋಗ, ಆಮೇಲೆ ಚಂದ್ರಗಿರಿಯ ಉತ್ತರದ ಭಾಗವನ್ನು ಕರ್ನಾಟಕಕ್ಕೆ ಕೊಡಬೇಕೆಂದ 1967ರ ಮಹಾಜನ ವರದಿ, ಅದು ಹಾಗೇ ಕಪಾಟಿನಲ್ಲಿ ಉಳಿದದ್ದು. ಇದನ್ನೆಲ್ಲ ರೈಲ್ವೆ ಅನೌನ್ಸ್‌ಮೆಂಟಿನ ಜರ್ಮನ್‌ನಲ್ಲಿ ಹೇಳುವುದು ಹೇಗೆ? "ಇದು ತಡವಾಗಿ ಓಡುತ್ತಿದೆ" ಅಂದೆ. ಅವರು ಜೋರಾಗಿ ನಕ್ಕರು. ಸಾರ್ಗೆಮಿನ್ ಬಂತು. ಬ್ರೆಡ್ಡಿನ ಅಂಗಡಿ ತೋರಿಸಿ ಹೋದರು.

ಇನ್ನು ಪೆರ್ಲ್.

ನಮ್ಮ ಅಜ್ಜನ ಮನೆ ಪೆರ್ಲದಲ್ಲಿ. ಕುಂಬಳೆಯಿಂದ ಬಸ್ಸು ಹತ್ತಿ, ಬದಿಯಡ್ಕದಲ್ಲಿ ಬದಲಿಸಿ ಹೋಗುವುದು. ಪೆರ್ಲದಿಂದ ಮುಂದೆ ಅಡ್ಕಸ್ಥಳ, ಅದು ದಾಟಿದರೆ ಸಾರಡ್ಕ, ಕರ್ನಾಟಕ. ಅಜ್ಜನ ಗದ್ದೆ ಈಚೆ, ತಂಗಿಯನ್ನು ಕೊಟ್ಟ ಮನೆ ಆಚೆ. ಪೆಟ್ರೋಲ್ ಆಚೆ ಕಡಿಮೆ, ರೇಷನ್ ಈಚೆ ಒಳ್ಳೆಯದು. ಡಾಕ್ಟರು ಆಚೆ, ಓಟು ಈಚೆ. ಹಾಗೆ ಎಂಬತ್ತೈದು ವರ್ಷ ಆಯಿತು ಅವರಿಗೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಅಂತ ಗಡಿಯ ರಸ್ತೆಗಳಿಗೆ ಮಣ್ಣು ತಂದು ಸುರಿದರಲ್ಲ, ಆಗ ಅಜ್ಜಿಯ ಬಿ.ಪಿ. ಮದ್ದು ಮುಗಿದಿತ್ತು. ಆಚೆಯ ಅತ್ತೆಯ ಮಗ ಮಣ್ಣಿನ ರಾಶಿಯ ಆ ಬದಿಯಲ್ಲಿ ನಿಂತು ಮದ್ದಿನ ಚೀಲ ಎಸೆದ, ಈ ಬದಿಯಲ್ಲಿ ಮಾವ ಹಿಡಿದರು. ಮಾವ ಶಾಲೆಯಲ್ಲಿ ಕ್ರಿಕೆಟ್ ಆಡುತ್ತಿದ್ದವರು, ಒಂದು ಕ್ಯಾಚೂ ಹಿಡಿದ ದಾಖಲೆ ಇಲ್ಲ. ಇದನ್ನು ಹಿಡಿದರು ಅಂತ ಈಗ ನಗುತ್ತಾ ಹೇಳುತ್ತಾರೆ. ಆಗ ಯಾರೂ ನಗಲಿಲ್ಲ.

ಟ್ರಿಯರ್‌ನಿಂದ ದಕ್ಷಿಣಕ್ಕೆ ಮೊಸೆಲ್ ನದಿಯ ಪಕ್ಕದಲ್ಲಿ ಒಂದು ಸಣ್ಣ ರೈಲು ಹೋಗುತ್ತದೆ. ಬಲಗಡೆ ಕೂರಬೇಕು. ನದಿ ಉದ್ದಕ್ಕೂ ಬಲಗಡೆಯೇ, ಅದರಾಚೆ ಲಕ್ಸೆಂಬರ್ಗ್‌ನ ದ್ರಾಕ್ಷಿ ತೋಟಗಳು, ಬಾಚಣಿಗೆಯಲ್ಲಿ ಬಾಚಿದ ಹಾಗೆ. ಜರ್ಮನಿಯ ಕೊನೆಯ ಸ್ಟೇಷನ್ ಪೆರ್ಲ್. ನಕ್ಷೆಯಲ್ಲಿ ಮೊದಲ ಸಲ ನೋಡಿದಾಗ ಕಣ್ಣು ಉಜ್ಜಿಕೊಂಡಿದ್ದೆ. ಕಳೆದ ತಿಂಗಳು ಅಮ್ಮನ ಫೋನ್ ಬಂದ ಮರು ಭಾನುವಾರ ಒಬ್ಬಳೇ ಹೋಗಿ ಇಳಿದೆ. ಬೋರ್ಡಿನ ಕೆಳಗೆ ನಿಂತು ಫೋಟೋ ತೆಗೆದು ಮನೆಯವರ ಗ್ರೂಪಿಗೆ ಹಾಕಿದೆ: "ಪೆರ್ಲಕ್ಕೆ ಮುಟ್ಟಿದೆ." ಮಾವ ಕೂಡಲೇ ವೀಡಿಯೋ ಕಾಲ್ ಮಾಡಿ ಫೋನನ್ನು ಅಜ್ಜನ ಕೈಗೆ ಕೊಟ್ಟರು. ಪರದೆಯ ತುಂಬ ಅಜ್ಜನ ಹಣೆ.

"ಅಲ್ಲಿಯೂ ಗಡಿ ಉಂಟಂತಲ್ಲ. ಎಲ್ಲುಂಟು ತೋರಿಸು."

ಸ್ಟೇಷನ್ನಿನಿಂದ ಸೇತುವೆಗೆ ಹೆಚ್ಚು ದೂರ ಇಲ್ಲ. ಫೋನನ್ನು ಮುಂದೆ ಹಿಡಿದು ನಡೆದೆ. ಆ ದಡದಲ್ಲಿ ಕಾಣುವ ಊರೇ ಶೆಂಗೆನ್, ಇಡೀ ಯುರೋಪಿನ ವೀಸಾಕ್ಕೆ ಹೆಸರು ಕೊಟ್ಟ ಹಳ್ಳಿ. ಚರ್ಚು, ದ್ರಾಕ್ಷಿ ತೋಟ, ಸಾಲು ಸಾಲು ಪೆಟ್ರೋಲ್ ಬಂಕು. ಇನ್ನೊಂದು ಬದಿಯಲ್ಲಿ ಫ್ರಾನ್ಸಿನ ಆಪಾಕ್, ಅದಕ್ಕೂ ನಡೆದೇ ಹೋಗಬಹುದು. 1985ರ ಜೂನ್ 14ರಂದು ಐದು ದೇಶದವರು ಇಲ್ಲಿ ನದಿಯ ಮೇಲೆ 'ಪ್ರಿನ್ಸೆಸ್ ಮರಿ ಆಸ್ಟ್ರಿಡ್' ಎಂಬ ಹಡಗಿನಲ್ಲಿ ಕೂತು, ಗಡಿ ತಪಾಸಣೆ ತೆಗೆಯುವ ಒಪ್ಪಂದಕ್ಕೆ ಸಹಿ ಹಾಕಿದ್ದು. ತಪಾಸಣೆ ನಿಜಕ್ಕೂ ನಿಂತದ್ದು ಹತ್ತು ವರ್ಷದ ಮೇಲೆ, 1995ರಲ್ಲಿ.

"ಚೆಕ್‌ಪೋಸ್ಟ್ ಎಲ್ಲಿ?"

"ಇಲ್ಲ ಅಜ್ಜ." ಕಳೆದ ಸಲ ರೈಲಿನಲ್ಲಿ ಬಂದ ಪೊಲೀಸರ ವಿಷಯ ಬಾಯಿಯವರೆಗೆ ಬಂತು. ನುಂಗಿದೆ. 2020ರಲ್ಲಿ ಈ ನದಿಯ ಕೆಲವು ಸೇತುವೆಗಳನ್ನೂ ಜರ್ಮನಿಯವರು ಮುಚ್ಚಿದ್ದರು ಅಂತ ಹೇಳಿದೆ.

"ಹಾಂ" ಅಂದರು ಅಜ್ಜ. ಸ್ವಲ್ಪ ಸಮಾಧಾನ ಆದವರ ಹಾಗೆ. "ಮಣ್ಣು ಹಾಕಿಯಾ?"

"ಇಲ್ಲ, ಬೇಲಿ ಇಟ್ಟು."

"ಸರಿ, ಈಗ ನೀನು ನಡುವಿಗೆ ಬಂದೆಯಲ್ಲ. ಅರ್ಧ ಇವರದ್ದು, ಅರ್ಧ ಅವರದ್ದು. ಗೆರೆ ಎಲ್ಲಿ?"

ಅದೇ ವಿಷಯ. ಗೆರೆ ಇಲ್ಲ. ಇಲ್ಲಿ ಜರ್ಮನಿಗೂ ಲಕ್ಸೆಂಬರ್ಗ್‌ಗೂ ನಡುವೆ ಮೊಸೆಲ್ ನದಿಯನ್ನು ಅರ್ಧ ಮಾಡಿಯೇ ಇಲ್ಲ. 1816ರಿಂದ ಇಡೀ ನದಿ ಇಬ್ಬರದ್ದೂ, ಈ ದಡದಿಂದ ಆ ದಡದವರೆಗೆ. ಅಜ್ಜನಿಗೆ ಇದನ್ನು ಎರಡು ಸಲ ಹೇಳಬೇಕಾಯಿತು. ಜಮೀನಿನ ಅಳತೆ, ಸರ್ವೆ ಕಲ್ಲು, ಬದುವಿನ ಜಗಳ ಇದರಲ್ಲೇ ಆಯುಷ್ಯ ಕಳೆದವರು. ಹೊಳೆ ಇಬ್ಬರದ್ದೂ ಅಂದರೆ ಮೀನು ಹಿಡಿದರೆ ಯಾರಿಗೆ, ಮರಳು ತೆಗೆದರೆ ಯಾರಿಗೆ, ಹೆಣ ತೇಲಿ ಬಂದರೆ ಯಾವ ಪೊಲೀಸು ಬರಬೇಕು ಅಂತ ಕೇಳಿದರು. ನನಗೆ ಒಂದಕ್ಕೂ ಉತ್ತರ ಬರಲಿಲ್ಲ. "ಎಂತದ್ದು ಓದುವುದು ನೀನು?" ಅಂದರು.

ಸೇತುವೆ ಇಳಿದೆ. ಶೆಂಗೆನ್. ಫೋನ್ ಕಟ್ ಆಗಲಿಲ್ಲ. ದೇಶ ಬದಲಾಯಿತು ಅಂತ ಅಜ್ಜನಿಗೆ ನಂಬಿಸಲಿಕ್ಕೆ ನಂಬರ್ ಪ್ಲೇಟ್ ತೋರಿಸಿದೆ. ಅವರ ಕಣ್ಣು ಅದರ ಹಿಂದೆ ಇತ್ತು.

"ಅದೆಂತ, ಬಂಕಿನಲ್ಲಿ ಅಷ್ಟು ಕಾರು?"

"ಜರ್ಮನಿಯವರು ಅಜ್ಜ. ಈಚೆ ಪೆಟ್ರೋಲ್ ಕಡಿಮೆ. ಸೇತುವೆ ದಾಟಿ ಬಂದು ಹಾಕಿಸಿಕೊಂಡು ಹೋಗುತ್ತಾರೆ."

ಅಜ್ಜ ಮೊದಲ ಸಲ ಫೋನನ್ನು ಸ್ವಲ್ಪ ದೂರ ಹಿಡಿದರು. ಪೂರ್ತಿ ಮುಖ ಕಂಡಿತು. ನಗುತ್ತಿದ್ದರು. "ಎಷ್ಟು ಕಡಿಮೆ? ಬೋರ್ಡ್ ಓದು."

"ಒಂದು ಯೂರೋ ನಲವತ್ತೇಳು ಸೆಂಟ್."

"ನಮ್ಮ ದುಡ್ಡಿನಲ್ಲಿ ಹೇಳು."

"ಯೂರೋಗೆ ನೂರು ಅಂತ ಹಿಡಿದರೆ, ನೂರ ನಲವತ್ತೇಳು ರೂಪಾಯಿ."

"ನೂರ ನಲವತ್ತೇಳಾ!" ಅಜ್ಜ ಫೋನನ್ನು ಮಾವನ ಕೈಗೆ ಕೊಡುವಾಗ ಹೇಳಿದ್ದು ನನಗೂ ಕೇಳಿಸಿತು. "ವಿಟ್ಲದಲ್ಲೇ ಅದಕ್ಕಿಂತ ಎಷ್ಟೋ ಕಡಿಮೆ ಉಂಟು. ಇವಳು ಎಂತಕ್ಕೆ ಅಷ್ಟು ದೂರ ಹೋದದ್ದು?"